ಹೆಸರು ಅಳಿಸುವ ಕೆಲಸ

ಆಗಸ್ಟ್ 1, ಶುಕ್ರವಾರ

ಬದನಗುಪ್ಪೆಯ ಗ್ರಾನೈಟ್ ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ನನ್ನ ಹೆಂಡತಿ ಯಶೋದ ಇದರ ಮೇಲೆ ಹಾಲಿನ ಪಾತ್ರೆ ಇಡುತ್ತಿದ್ದಳು. ಇವತ್ತು ಬರೆಯಲು ಕೂತಿದ್ದೇನೆ, ಯಾಕೆಂದರೆ ಬೆಳಿಗ್ಗೆ ನಡೆದದ್ದನ್ನು ಅವಳಿಗೆ ಹೇಳಿದರೆ ಇಬ್ಬರೂ ಊಟ ಮಾಡುವುದಿಲ್ಲ.

ನಿಂಗರಾಜು ನಾನು ಕಲ್ಲು ಕೆತ್ತುವ ಶೆಡ್ಡಿಗೆ ಬಂದಿದ್ದ. ನಮ್ಮ ಪಂಚಾಯಿತಿಗೆ ಈಗ ಅವನೇ ಅಧ್ಯಕ್ಷ. ಟೀ ತರಿಸಿದೆ. ಅರ್ಧ ಕುಡಿದು, "ಮಲ್ಲಣ್ಣ, ಒಂದು ಚಿಕ್ಕ ಕೆಲ್ಸ ಅದ" ಅಂದ. ಅಂಗನವಾಡಿಗೆ ಸುಣ್ಣಬಣ್ಣ ಮಾಡಿಸಿದ್ದಾನೆ. ಹದಿನೈದನೇ ತಾರೀಕು ಬಾವುಟ ಹಾರಿಸಲು ತಾಲ್ಲೂಕಿನ ಸಾಹೇಬರು ಅಲ್ಲಿಗೇ ಬರುತ್ತಾರೆ. ಅಷ್ಟರೊಳಗೆ ಗೋಡೆಯ ಕಲ್ಲಿನಿಂದ ಒಂದು ಹೆಸರು ತೆಗೆಯಬೇಕು.

"ಯಾರ್ದು?"

"ಜಾಗ ದಾನ ಕೊಟ್ಟವ್ರು ಅಂತ ಅದಲ್ಲ, ಅದು. ಅದ ತಗ್ದು ದಿವಂಗತ ರಾಚಯ್ಯ ಅಂತ ಹಾಕ್ಬುಡಿ."

ಅದು ಮೂಗಮ್ಮನ ಹೆಸರು. ರಾಚಯ್ಯ ನಿಂಗರಾಜುವಿನ ಅಪ್ಪ; ಮೂಗಮ್ಮ ರಾಚಯ್ಯನ ಎರಡನೇ ಹೆಂಡತಿ. ನಿಂಗರಾಜುವಿನ ಹೆತ್ತ ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಸಾಕಿದವಳು ಮೂಗಮ್ಮ. ರಾಚಯ್ಯ ಹೋದ ಮೇಲೆ ಊರ ಮುಂದಿನ ತುಂಡು ಜಾಗವನ್ನು ಅಂಗನವಾಡಿಗೆ ಕೊಟ್ಟಳು. ಆಮೇಲೆ ಯಾವುದೋ ಮಾತಿಗೆ ಮಾತು ಬೆಳೆದು ಅವನು ಬೇರೆ ಮನೆ ಮಾಡಿದ. ಈಗ ಎದುರು ಸಿಕ್ಕರೂ ಮಾತಿಲ್ಲ.

"ನಮ್ಮಪ್ಪನ ಜಾಗ ಅದು. ನನ್ನ ಒಂದು ಮಾತು ಕೇಳ್ದೆ ಹೆಬ್ಬೆಟ್ಟು ಒತ್ತುದ್ಲು. ಎಸ್ರು ಮಾತ್ರ ಅವಳ್ದು. ನಮ್ಮಪ್ಪ ಯಾರು ಹಂಗಾರ?" ಅಂದ. ಅದರಲ್ಲಿ ಸುಳ್ಳೇನೂ ಇಲ್ಲ. ಆಮೇಲೆ ಲೋಟ ಕೆಳಗಿಟ್ಟು, ನನ್ನ ಶೆಡ್ಡಿನ ತಗಡನ್ನು ನೋಡುತ್ತಾ, "ಈ ಜಾಗ ಪಂಚಾಯ್ತಿದಲ್ವಾ. ನಿಮ್ಗ ಮುಂದುವರ್ಸಿ ಕೊಡೋ ವಿಷ್ಯ ಹದಿನಾರನೇ ತಾರೀಕು ಮೀಟಿಂಗಿಗೆ ಬತ್ತದ" ಅಂದ. ಹೆದರಿಸಿದ ಹಾಗೂ ಇರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ನನಗೇನು. ಹಾಕು ಅಂದರೆ ಹಾಕುತ್ತೇನೆ, ತೆಗಿ ಅಂದರೆ ತೆಗೆಯುತ್ತೇನೆ. ಕೆತ್ತುವಾಗ ನಾನು ಓದುವುದೇ ಇಲ್ಲ. ಅಕ್ಷರದ ಆಕಾರ ನೋಡುತ್ತೇನೆ, ಅಷ್ಟೆ. ಓದುತ್ತಾ ಕೂತರೆ ದೊಡ್ಡವರ ಬಿರುದುಗಳಿಗೆ ನಗು ಬಂದು ಕೈ ತಪ್ಪುತ್ತದೆ. ಆ ಅಂಗನವಾಡಿ ಕಲ್ಲು ಕೂಡ ನನ್ನ ಕೈಯದೇ. ಅದರಲ್ಲಿ ಮಿಕ್ಕದ್ದೇನು ಬರೆದಿದೆಯೋ ಈಗ ನೆನಪಿಲ್ಲ.

ಆಗಸ್ಟ್ 3, ಭಾನುವಾರ

ಗುಂಡ್ಲುಪೇಟೆ ಕೆಲಸ ಶುರುವಾಯಿತು. ತೆರಕಣಾಂಬಿ ದಾರಿಯಲ್ಲಿ ಬಸ್ಸು ನಿಂತು ನಿಂತು ಹೋಯಿತು. ರಸ್ತೆ ಪಕ್ಕದ ಚೆಂಡು ಹೂವಿನ ಹೊಲದಲ್ಲಿ ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಹೊಲದವನಂತೂ ಬೇಲಿಗೆ ರಟ್ಟು ಕಟ್ಟಿ ಒಳಗೆ ಬರಲು ಇಷ್ಟು ಅಂತ ಮಲಯಾಳದಲ್ಲೇ ಬರೆಸಿದ್ದಾನೆ.

ಬಂಡೀಪುರದ ದಾರಿಯಲ್ಲಿ ಹೊಸ ರೆಸಾರ್ಟ್. ಒಂದೊಂದು ಕೋಣೆ ಒಂದೊಂದು ದೇಶ. ನನ್ನ ಪಾಲಿಗೆ ಬಂದದ್ದು ಈಜಿಪ್ಟ್. ಆನೆ ನೋಡಲು ಬಂದವರಿಗೆ ಈಜಿಪ್ಟ್ ಯಾಕೆ ಅಂತ ಕೇಳಬೇಕೆನಿಸಿತು. ಕೆಲಸ ಕೊಟ್ಟವರನ್ನು ಕೇಳಬಾರದು. ಮೇಲ್ವಿಚಾರಣೆಗೆ ಮೈಸೂರಿನ ನಯನಾ ಅಂತ ಒಂದು ಹುಡುಗಿ. ಇತಿಹಾಸ ಓದಿ ಆಮೇಲೆ ಡಿಸೈನು ಕಲಿತವರಂತೆ. ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿ, ಇದೇ ಗೋಡೆ ಇದೇ ಅಳತೆಯಲ್ಲಿ ಬೇಕು ಅಂದರು.

ಒಂದು ಫೋಟೋ ನೋಡಿ ನಾನು ಎದ್ದು ನಿಂತುಬಿಟ್ಟೆ. ಕೆಲಸ ಅರ್ಧಕ್ಕೇ ನಿಂತ ಒಂದು ಗೋರಿ. ಅದರ ಗೋಡೆಯ ಮೇಲೆ ಕೆಂಪು ಗೆರೆಗಳ ಚೌಕ ಚೌಕ ಮನೆಗಳು. ದಾರವನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಬಿಗಿಯಾಗಿ ಹಿಡಿದು, ಮಿಡಿದು ಹಾಕಿದ ಗೆರೆ. ನಮ್ಮ ಕಾವಿ ದಾರ! ನನ್ನಪ್ಪ ಹಾಕುತ್ತಿದ್ದದ್ದು, ನಾನು ಇವತ್ತಿಗೂ ಹಾಕುವುದು ಅದೇ. ಮೂರು ಸಾವಿರ ವರ್ಷದ ಹಿಂದಿನ ಒಬ್ಬ ಕಲ್ಲುಕುಟಿಗನ ಕೈ ಕಂಡಷ್ಟು ಖುಷಿಯಾಯಿತು. ಅವರ ಹತ್ತಿರ ಉಕ್ಕಿನ ಉಳಿ ಇರಲಿಲ್ಲವಂತೆ. ಮೆದು ಕಲ್ಲಿಗೆ ತಾಮ್ರದ ಉಳಿ. ಗ್ರಾನೈಟನ್ನು ಅದಕ್ಕಿಂತ ಗಟ್ಟಿ ಗುಂಡುಕಲ್ಲಿನಿಂದ ಜಜ್ಜಿ ಜಜ್ಜಿ ಇಳಿಸುತ್ತಿದ್ದರಂತೆ. ನನ್ನ ಭುಜ ನೋಯಿತು ಕೇಳಿಯೇ.

ನಾವು ಮಾಡಬೇಕಾದ ಗೋಡೆಯ ನಡುವೆ ಮಾತ್ರ ಒಂದು ಕಡೆ ಚಿತ್ರವಿಲ್ಲ. ಆಳು ನಿಂತ ಆಕಾರದಲ್ಲೇ ಯಾರೋ ಉಳಿ ಹೊಡೆದು ಕಿತ್ತಿದ್ದಾರೆ. "ಇದನ್ನೇನು ಮಾಡಲಿ ಮೇಡಂ, ತುಂಬಿಸಲಾ?" ಅಂದೆ. "ಬೇಡ ಮಲ್ಲಣ್ಣ, ಆ ಖಾಲಿಯೇ ಮುಖ್ಯ. ನಾಳಿದ್ದು ಹೇಳ್ತೀನಿ" ಅಂದರು.

ಆಗಸ್ಟ್ 5, ಮಂಗಳವಾರ

ಊಟದ ಹೊತ್ತಿನಲ್ಲಿ ಹೇಳಿದರು. ಮರೆಯುವ ಮೊದಲು ಬರೆದಿಡುತ್ತೇನೆ.

ಗೋಡೆಯಿಂದ ಕಿತ್ತುಹಾಕಿದವಳ ಹೆಸರು ಹತ್ಶೆಪ್ಸುತ್. ರಾಣಿ. ಗಂಡ ಸತ್ತಾಗ ಪಟ್ಟಕ್ಕೆ ಬರಬೇಕಾದವನು ಸವತಿಯ ಮಗ, ಇನ್ನೂ ಕೂಸು. ಅವನ ಪರವಾಗಿ ರಾಜ್ಯ ನೋಡಿಕೊಳ್ಳಲು ಕೂತವಳು ಕೊನೆಗೆ ತಾನೇ ರಾಜ ಅಂತ ಕಿರೀಟ ಇಟ್ಟುಕೊಂಡಳು. ಶಿಲ್ಪಿಗಳು ಅವಳಿಗೆ ಗಡ್ಡ ಇಟ್ಟು ಕೆತ್ತಿದರು. ಯುದ್ಧಕ್ಕಿಂತ ವ್ಯಾಪಾರ ಹೆಚ್ಚು ಮಾಡಿಸಿದಳಂತೆ. ದೂರದ ದೇಶಕ್ಕೆ ಹಡಗು ಕಳಿಸಿ ಧೂಪದ ಗಿಡಗಳನ್ನು ಬೇರು ಸಮೇತ ಬುಟ್ಟಿಯಲ್ಲಿ ತರಿಸಿದಳು. ಅವಳು ಸತ್ತ ಮೇಲೆ ಸವತಿಯ ಮಗ ದೊಡ್ಡ ರಾಜನಾದ. ಎಷ್ಟೋ ವರ್ಷ ಸುಮ್ಮನಿದ್ದು, ತನಗೂ ವಯಸ್ಸಾಗುವ ಹೊತ್ತಿಗೆ, ಕಂಡ ಕಂಡ ಗೋಡೆಯಿಂದ ಅವಳ ಚಿತ್ರ, ಅವಳ ಹೆಸರು ಕೀಳಿಸಿದ. ಯಾಕೆ ಅಂತ ಸರಿಯಾಗಿ ಗೊತ್ತಿಲ್ಲವಂತೆ. ಸಿಟ್ಟು ಅಂತ ಕೆಲವರು. ತನ್ನ ಮಗನ ಪಟ್ಟಕ್ಕೆ ಯಾರೂ ಅಡ್ಡ ಬರದಿರಲಿ ಅಂತ ಕೆಲವರು.

ಅಲ್ಲೂ ಸಾಕಿದ ಮಗ.

ಹೆಸರು ತೆಗೆದರೆ ಏನಾಯಿತು, ಸತ್ತವಳಿಗೆ ಏನು ಗೊತ್ತಾಗುತ್ತದೆ ಅಂದೆ. ನಯನಾ ಹೇಳಿದ್ದು: ಈಜಿಪ್ಟಿನವರ ನಂಬಿಕೆಯಲ್ಲಿ ದೇಹ ಒಂದು ಭಾಗವಾದರೆ ಹೆಸರೂ ಒಂದು ಭಾಗ. ಹೆಸರು ಇರುವವರೆಗೆ, ಅದನ್ನು ಯಾರಾದರೂ ಹೇಳುವವರೆಗೆ, ಸತ್ತವರು ಆ ಕಡೆ ಬದುಕಿರುತ್ತಾರೆ. ಅಳಿಸಿದರೆ ಎರಡನೇ ಸಲ ಸತ್ತ ಹಾಗೆ. ಅದಕ್ಕೇ ರಾಜರ ಹೆಸರಿನ ಸುತ್ತ ಹಗ್ಗ ಸುತ್ತಿದ ಹಾಗೆ ಒಂದು ಬಳೆ ಕೆತ್ತುತ್ತಿದ್ದರು. ದಾರಿಹೋಕರೇ, ನನ್ನ ಹೆಸರು ಒಂದು ಸಲ ಹೇಳಿ ಹೋಗಿ, ನಿಮಗೆ ಬಾಯಿಯ ಉಸಿರು ಬಿಟ್ಟು ಬೇರೆ ಖರ್ಚಿಲ್ಲ ಅಂತ ಗೋರಿಯ ಮೇಲೆ ಕೇಳಿಕೊಳ್ಳುತ್ತಿದ್ದರಂತೆ.

"ಅಲ್ಲಿ ಎಲ್ಲರಿಗೂ ಓದೋಕೆ ಬರ್ತಿತ್ತಾ?" ಅಂದೆ. "ಎಲ್ಲಿ ಬಂತು, ನೂರಕ್ಕೆ ಒಬ್ಬಿಬ್ಬರಿಗೆ ಬರ್ತಿತ್ತೇನೋ" ಅಂದರು.

ಇದಕ್ಕೂ ನಮ್ಮೂರಿನ ಕಲ್ಲಿಗೂ ಸಂಬಂಧವಿಲ್ಲ. ಅವಳು ಸತ್ತಿದ್ದಳು. ಮೂಗಮ್ಮ ಬದುಕಿದ್ದಾಳೆ, ನಿನ್ನೆ ತಾನೇ ಸಂತೆಮರಹಳ್ಳಿ ಬಸ್ಸಿನಲ್ಲಿ ಸೀಟಿಗಾಗಿ ಕಂಡಕ್ಟರನ ಹತ್ತಿರ ಜಗಳ ಆಡುತ್ತಿದ್ದಳು.

ಆಗಸ್ಟ್ 7, ಗುರುವಾರ

ಅಳತೆ ನೋಡಿ ಬರೋಣ ಅಂತ ಅಂಗನವಾಡಿಗೆ ಹೋದೆ. ಕಲ್ಲು ಗೋಡೆಯೊಳಗೆ ಕೂತಿದೆ. ಕಿತ್ತರೆ ಗೋಡೆ ಬಾಯಿ ಬಿಡುತ್ತದೆ. ಆ ಒಂದು ಸಾಲನ್ನು ಮಾತ್ರ ತಗ್ಗು ಮಾಡಿ, ತಗ್ಗಿನಲ್ಲಿ ಹೊಸ ಹೆಸರು ಹಾಕಬೇಕು. ಮಾಡಬಹುದು. ಆದರೆ ಮಧ್ಯದ ಸಾಲು. ಕಲ್ಲು ಸೀಳಬಹುದು ಅಂತ ನಿಂಗರಾಜುವಿಗೆ ಹೇಳಿ ನೋಡಬೇಕು.

ಮೂಗಮ್ಮ ಬಾಗಿಲ ಹೊರಗೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅಲ್ಲಿ ಅವಳಿಗೇನೂ ಕೆಲಸವಿಲ್ಲ, ಸಂಬಳವಿಲ್ಲ. ಅಡುಗೆಯವಳಿಗೆ ಸುಮ್ಮನೆ ಕೈ ಜೋಡಿಸುತ್ತಾಳೆ, ಮಕ್ಕಳ ಮೂಗು ಒರೆಸುತ್ತಾಳೆ. "ಏನ್ಲಾ ಮಗ, ಕಲ್ಲ ನೋಡಕ ಬಂದಿಯಾ? ಮಾಸಿ ಓಗದ. ಬಣ್ಣ ತುಂಬ್ತಿಯಾ?" ಅಂದಳು. ಊಂ ಅಂದುಬಿಟ್ಟೆ.

ಕಲ್ಲಿನ ಕೆಳಗಿನ ಸಾಲಿಗೆ ಅರಿಸಿನ ಕುಂಕುಮ ಬಳಿದು ಬಳಿದು ಪದರ ಕಟ್ಟಿದೆ. ಅಕ್ಷರವೇ ಕಾಣುವುದಿಲ್ಲ. "ಇದ್ಯಾರವ್ವ ಇಟ್ಟಿರದು?" ಅಂದೆ.

"ನಾನೇ ಕಣ. ದಿನಾ ಇಟ್ಟು ಕೈ ಮುಗಿದೇ ಒಳಕ್ಕ ಓಗದು. ಕಲ್ಲು ನಿಲ್ಸುದ್ದ ದಿನ ಗಾರೆಯವ್ನ ಕೇಳ್ದಿ, ನನ್ನ ಎಸ್ರು ಎಲ್ಲಪ್ಪ ಅಂತ. ಕೆಳಗದ ಕಣವ್ವ ಅಂದ." ಆಮೇಲೆ ಸ್ವಲ್ಪ ನಾಚಿಕೊಂಡು, "ನನ್ನ ಎಸ್ರಿಗ ನಾನೇ ಕೈ ಮುಗಿತಿನಿ ಅಂತ ನಗಬ್ಯಾಡ. ಈ ಎಸ್ರು ಚೆಂದಾಗಿರ್ಲಿ ಅಂತ ಕೇಳ್ಕತಿನಿ, ಅಷ್ಟೆ" ಅಂದಳು.

ಅವಳ ಹೆಸರು ಇರುವುದು ಕೆಳಗಲ್ಲ. ಮಧ್ಯದಲ್ಲಿ. ಅವಳ ಕೈಗೆ ಸುಲಭವಾಗಿ ಎಟುಕುವಷ್ಟು ಎತ್ತರದಲ್ಲೇ ಇದೆ, ಯಾರೂ ತೋರಿಸಿಲ್ಲ.

ನಾನೂ ಹೇಳಲಿಲ್ಲ. ಹೊತ್ತಾಗಿತ್ತು.

ಆಗಸ್ಟ್ 8

ವರಮಹಾಲಕ್ಷ್ಮಿ. ಮನೆಯಲ್ಲಿ ಒಬ್ಬಟ್ಟು. ಕಲ್ಲು ಸೀಳಬಹುದು ಅಂತ ನಿಂಗರಾಜುವಿಗೆ ಫೋನು ಮಾಡಿ ಹೇಳಿದೆ. "ಸೀಳಲ್ಲ ಬುಡಿ ಮಲ್ಲಣ್ಣ, ನಿಮ್ಮ ಕೈ ನನಗ ಗೊತ್ತಿಲ್ವಾ" ಅಂದ.

ಆಗಸ್ಟ್ 10, ಭಾನುವಾರ

ಗುಂಡ್ಲುಪೇಟೆಯಲ್ಲಿ ಇಡೀ ದಿನ ಆ ಖಾಲಿ ಜಾಗದ್ದೇ ಕೆಲಸ. ತುಂಬಿದ ಚಿತ್ರ ಕೆತ್ತುವುದು ಸುಲಭ. ಕಿತ್ತದ್ದನ್ನು ಕಿತ್ತ ಹಾಗೆ ಕೆತ್ತುವುದು ಕಷ್ಟ. ಆ ಕಾಲದ ಆಳಿನ ಉಳಿ ಎಲ್ಲಿ ಬಿದ್ದಿದೆ, ಎಲ್ಲಿ ಜಾರಿದೆ ಅಂತ ಒಂದೊಂದೇ ಏಟು ನೋಡಬೇಕು. ಮುಖದ ಹತ್ತಿರ ಏಟುಗಳು ಚಿಕ್ಕವು, ಹಗುರ. ಪಾದಕ್ಕೆ ಬರುವ ಹೊತ್ತಿಗೆ ದಬದಬ ಹೊಡೆದಿದ್ದಾನೆ. ಅವನಿಗೂ ಮನೆಯಲ್ಲಿ ಹೆಂಡತಿ ಇದ್ದಳೇನೋ, ಬೇಗ ಮುಗಿಸಿ ಬಾ ಅಂತ. ಅವನ ಮೇಲೆ ಸಿಟ್ಟು ಬಂತು. ಪಾಪ ಅಂತಲೂ ಅನಿಸಿತು. ಯಾವನೋ ಏನೋ.

ಕೆಲಸ ಮಾಡುತ್ತಾ ರಾಣಿಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದೆನಂತೆ. ನಯನಾ ನಕ್ಕರು. ಬೇಸರ ಕಳೆಯಲು ಏನಾದರೂ ಅಂದುಕೊಳ್ಳುತ್ತಿರುತ್ತೇನೆ, ಅದರಲ್ಲೇನು.

ಬರುವಾಗ ಬಸ್ಸಿನ ಕಿಟಕಿಯಿಂದ ಕಂಡ ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತಾ ಬಂದೆ. ತಲೆ ಸುತ್ತಿತು.

ಆಗಸ್ಟ್ 11, ಸೋಮವಾರ

ಪಂಚಾಯಿತಿಯ ಇಬ್ಬರು ಬಂದು ಟೇಪು ಹಿಡಿದು ಶೆಡ್ಡು ಅಳೆದರು. ಯಾಕೆ ಅಂದರೆ ಅಧ್ಯಕ್ಷರು ಹೇಳಿದ್ದಾರೆ ಅಂದರು. ಹೋಗುವಾಗ ಒಬ್ಬ ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನಕ್ಕೆ ಶೆಡ್ಡಿನ ಕರೆಂಟು ಹೋಯಿತು. ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಇತ್ತು. ಕರೆಂಟಿನವರನ್ನು ಕೇಳಿದರೆ ಲೈನು ಸಡಿಲವಾಗಿದೆ, ಗುರುವಾರದ ಮೇಲೆ ನೋಡುತ್ತೇವೆ ಅಂದರು. ಗ್ರೈಂಡರು ತಿರುಗುವುದಿಲ್ಲ. ಒಪ್ಪಿಕೊಂಡಿದ್ದ ದೇವಸ್ಥಾನದ ಮೆಟ್ಟಿಲಿನ ಕೆಲಸ ಹಾಗೇ ನಿಂತಿದೆ.

ಯಶೋದಳಿಗೆ ಹೇಳಲೇಬೇಕಾಯಿತು. ಅವಳು ಕೂಗಾಡಲಿಲ್ಲ. ಒಲೆ ಆರಿಸಿ ಬಂದು ಎದುರು ಕೂತಳು.

"ಇದೇನ ಇಷ್ಟು ದಿನ ಒಬ್ಬರೇ ನುಂಗಕಂಡು ಕೂತಿದ್ರಿ? ಒಂದು ಸಾಲು ತಾನೆ. ತಗ್ದುಬುಟ್ಟು ಬನ್ನಿ."

"ಉಳಿ ಮೊಂಡಾಗದ."

"ಸಾಣೆ ಹಿಡೀರಿ."

"ಕೈ ನೋಯ್ತದ."

"ನಿಮ್ಗ ಕೈ ನೋಯ್ತಿಲ್ಲ" ಅಂದಳು. ಆಮೇಲೆ ದನಿ ತಗ್ಗಿಸಿ, "ನಂಗೂ ಮೂಗಮ್ಮಕ್ಕ ಅಂದ್ರ ಪಿರುತಿ ಕಣ. ನಮ್ ಶೆಡ್ಡು ಓದ್ರ ಅವ್ಳು ಬಂದು ಕಟ್ಕೊಟ್ಟಾಳಾ?" ಅಂದಳು. ಬುಧವಾರ ಬರುತ್ತೇನೆ ಅಂತ ನಿಂಗರಾಜುವಿಗೆ ಹೇಳಿದ್ದೇನೆ.

ಆಗಸ್ಟ್ 12

ಸಾಣೆ ಹಿಡಿದೆ.

ಆಗಸ್ಟ್ 13, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಹನ್ನೊಂದರ ಹೊತ್ತಿಗೆ ಹೋದೆ. ಮಕ್ಕಳು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದವು. ನಿಂಗರಾಜು ಬೈಕಿಗೆ ಒರಗಿ ನಿಂತಿದ್ದ. ಮೂಗಮ್ಮ ಕಲ್ಲಿನ ಪಕ್ಕದಲ್ಲೇ ಇದ್ದಳು. ಅವಳಿಗೆ ಆಗಲೇ ಯಾರೋ ಹೇಳಿದ್ದಾರೆ. ನನ್ನ ಚೀಲ ನೋಡಿದಳು, ನನ್ನನ್ನು ನೋಡಿದಳು. ಬಣ್ಣ ತುಂಬಲು ಬಂದವನಲ್ಲ ಅಂತ ಅವಳಿಗೆ ಗೊತ್ತಾಯಿತು. ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು ನನಗೆ.

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕುಂಕುಮ ಕಟ್ಟಿದ ಕೆಳಗಿನ ಸಾಲಿನ ಮೇಲೆ ಅಂಗೈ ಇಟ್ಟಳು. ಬೈಕಿನ ಕಡೆ ನೋಡದೆ, "ಇದ ಒಂದ ಬುಟ್ಟು ಮಿಕ್ಕಿದ್ದ ಏನಾರ ಮಾಡ್ಕಳಿ. ಇದ ಮುಟ್ಬೇಕಾದ್ರ ನನ್ನ ಕೈ ಮ್ಯಾಲೇ ಹೊಡೀರಿ" ಅಂದಳು.

ನಿಂಗರಾಜು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. ಅವನ ಮುಖದಲ್ಲಿ ಗೆದ್ದ ಖುಷಿಯೇನೂ ಇರಲಿಲ್ಲ, ಬೆವರಿತ್ತು. ಪಿಸುಮಾತಿನಲ್ಲಿ, "ಮಲ್ಲಣ್ಣ, ಅವ್ಳು ಹಿಡ್ಕಂಡಿರದು ಬ್ಯಾರೆ ಸಾಲು. ಓದಕ ಬರಲ್ಲ ಅವ್ಳಿಗ. ಅದು ಹಂಗೇ ಇರ್ಲಿ. ನೀವು ಮಧ್ಯದ್ದ ತಗ್ದುಬುಡಿ. ಅವ್ಳೂ ಸುಮ್ನಾಯ್ತಾಳ, ನಂದೂ ಆಯ್ತದ. ಯಾರ್ಗೂ ನೋವಿಲ್ಲ" ಅಂದ.

ನಿಜವಾಗಿ ಯಾರಿಗೂ ನೋವಿಲ್ಲ. ನಾನು ಅದನ್ನೇ ಯೋಚಿಸುತ್ತಾ ಬಂದು ಕೂತೆ. ಶೆಡ್ಡು ಉಳಿಯುತ್ತದೆ. ಕರೆಂಟು ಬರುತ್ತದೆ. ಅವಳು ನಾಳೆ ಬೆಳಿಗ್ಗೆ ಬಂದು ಎಂದಿನ ಹಾಗೆ ಕುಂಕುಮ ಇಟ್ಟು ಒಳಗೆ ಹೋಗುತ್ತಾಳೆ. ಸಾಯುವ ತನಕ ಹಾಗೇ ಇಡುತ್ತಾಳೆ. ಕಾವಿ ದಾರ ಹಿಡಿದು ಮಧ್ಯದ ಸಾಲಿನ ಮೇಲೊಂದು ಕೆಳಗೊಂದು ಗೆರೆ ಮಿಡಿದೆ. 'ಮೂ' ಅಕ್ಷರದ ಮೇಲೆ ಉಳಿ ಇಟ್ಟೆ. ಸುತ್ತಿಗೆ ಎತ್ತಿದೆ.

"ಕಣ್ಣ ಅತ್ಲಾಗಿ ತಿರುಗ್ಸು ಮಗ, ಚಕ್ಕೆ ಸಿಡಿದಾತು" ಅಂದಳು ಮೂಗಮ್ಮ.

ಅಂಗೈ ಕೆಳಗಿನ ಸಾಲಿನ ಮೇಲೇ ಇತ್ತು. ತನ್ನ ಹೆಸರು ಭದ್ರವಾಗಿದೆ, ಬೇರೆ ಯಾರದೋ ಹೋಗುತ್ತಿದೆ ಅಂತ ಅವಳಿಗೆ ನೆಮ್ಮದಿ. ಆ ನೆಮ್ಮದಿಯಲ್ಲಿ ನನ್ನ ಕಣ್ಣಿನ ಚಿಂತೆ ಮಾಡುತ್ತಿದ್ದಾಳೆ. ಸುತ್ತಿಗೆ ಕೆಳಗಿಟ್ಟೆ. ಕಲ್ಲು ಸೀಳುವ ಹಾಗಿತ್ತು, ಅದೂ ಒಂದು ಕಾರಣ.

"ಅವ್ವ, ಬೆರಳು ಕೊಡು" ಅಂದೆ.

"ಯಾಕ್ಲಾ?"

"ಕೊಡವ್ವ."

ಅವಳ ಬಲಗೈಯ ತೋರುಬೆರಳು ಹಿಡಿದು ಮೇಲಕ್ಕೆ ತಂದೆ. ಸೊಪ್ಪಿನ ಕಲೆ, ಒರಟು ಬೆರಳು. 'ಮೂ'ವಿನ ತಗ್ಗಿನೊಳಗೆ ಇಟ್ಟು ಅದರ ಜಾಡಿನಲ್ಲೇ ಎಳೆದೆ. "ಇದು ಮೂ. ಇದು ಗ. ಇದು ಮ್ಮ. ಇಲ್ಲದ ಅವ್ವ ನಿನ್ನ ಎಸ್ರು. ಇದನ್ನೇ ತಗಿ ಅಂದಿರದು."

"ಮಲ್ಲಣ್ಣ!" ಅಂತ ಹಿಂದಿನಿಂದ ನಿಂಗರಾಜು ಕೂಗಿದ. ನಾನು ತಿರುಗಲಿಲ್ಲ.

ಅವಳು ಬೆರಳು ತೆಗೆಯಲಿಲ್ಲ. ತಾನೇ ಇನ್ನೊಂದು ಸಲ ಎಳೆದಳು, ನಿಧಾನಕ್ಕೆ, ತುಟಿ ಅಲುಗಿಸುತ್ತಾ. 'ಮ್ಮ'ದ ಒತ್ತಿನ ಹತ್ತಿರ ಬೆರಳು ದಾರಿ ತಪ್ಪಿತು. ಮತ್ತೆ ಮೊದಲಿಂದ ಬಂದಳು. ಮೂರನೇ ಸಲಕ್ಕೆ ಸರಿಯಾಗಿ ಬಂತು.

"ಹಂಗಾರ," ಅಂದಳು, "ಇಷ್ಟು ದಿನ ನಾನು ಕೈ ಮುಗೀತಿದ್ದುದ್ದು ಯಾರ್ಗ?"

ನನಗೂ ಗೊತ್ತಿರಲಿಲ್ಲ. ಕುಡಿಯುವ ನೀರಿನಲ್ಲಿ ಬಟ್ಟೆ ಅದ್ದಿ ಕೆಳಗಿನ ಸಾಲು ಉಜ್ಜಿದೆ. ಕುಂಕುಮ ಕೆಂಪಗೆ ಗೋಡೆಯ ಹೊಸ ಬಣ್ಣದ ಮೇಲೆ ಇಳಿಯಿತು. ಒಳಗಿನಿಂದ ಅಕ್ಷರ ಬಂದವು. ನಾನೇ ಕೆತ್ತಿದ ಸಾಲನ್ನು ನಾನು ಮೊದಲ ಸಲ ಓದಿದೆ, ಗಟ್ಟಿಯಾಗಿ.

"ಗುತ್ತಿಗೆದಾರರು, ಶ್ರೀ ನಿಂಗರಾಜು."

ಆ ಕಟ್ಟಡ ಅವನೇ ಕಟ್ಟಿಸಿದ್ದ. ಆಗ ಅವನು ಕಂಟ್ರಾಕ್ಟು ಮಾಡುತ್ತಿದ್ದ. ಊರಲ್ಲಿ ನಾವೆಲ್ಲ ಮರೆತಿದ್ದೆವು.

ಮೂಗಮ್ಮ ಕೂತಲ್ಲೇ ತಿರುಗಿ ಅವನನ್ನು ನೋಡಿದಳು. ಎಷ್ಟು ವರ್ಷದ ಮೇಲೋ ನೇರ ಮುಖ ನೋಡಿದ್ದು. "ನಿಂದಾ ಕೂಸೆ?" ಅಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ದಿನಾ ಚೆಂದಾಗಿರ್ಲಿ ಚೆಂದಾಗಿರ್ಲಿ ಅಂತ ಕೇಳ್ಕಂಡಿನಿ. ಓಗ್ಲಿ ಬುಡು. ನಿಂಗ ತಾನ ಸೇರಿರದು."

ನಿಂಗರಾಜುವಿನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ತೆಗೆಯಲಿಲ್ಲ. ಬೈಕು ಅಲ್ಲೇ ಬಿಟ್ಟು ರಸ್ತೆ ಕಡೆ ನಡೆದುಹೋದ. ನಾನು ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಕೆಲಸ ಆಯಿತಾ ಅಂತ ಯಶೋದ ಕೇಳಿದಳು. ಇಲ್ಲ ಅಂದೆ. ಅವಳು ಒಳಗೆ ಹೋದಳು, ಊಟಕ್ಕೆ ಕರೆಯಲಿಲ್ಲ.

ಆಗಸ್ಟ್ 14

ಅವನ ಫೋನಿಲ್ಲ. ಶೆಡ್ಡಿಗೆ ಕರೆಂಟೂ ಇಲ್ಲ. ಸುಮ್ಮನೆ ಕೂತಿದ್ದೆ. ಕಲ್ಲು ಮಧ್ಯದಲ್ಲಿ ಸೀಳುವುದು ಖಂಡಿತ ಇತ್ತು. ಯಾರೇ ಕೇಳಿದರೂ ಅದನ್ನೇ ಹೇಳುತ್ತೇನೆ.

ಆಗಸ್ಟ್ 15, ಶುಕ್ರವಾರ

ಹೋಗಬಾರದು ಅಂದುಕೊಂಡಿದ್ದೆ, ಯಶೋದ ಹೊರಟಳು ಅಂತ ಹೋದೆ. ಅಂಗನವಾಡಿ ಮುಂದೆ ಶಾಮಿಯಾನ. ನಿಂಗರಾಜು ಬಿಳಿ ಅಂಗಿ ಹಾಕಿಕೊಂಡು ಓಡಾಡುತ್ತಿದ್ದ, ನನ್ನ ಕಡೆ ನೋಡಲಿಲ್ಲ. ಮೂಗಮ್ಮ ಹಿಂದುಗಡೆ ಮಕ್ಕಳ ಸಾಲಿನಲ್ಲಿ ನಿಂತಿದ್ದಳು. ಬಾವುಟ ಹಾರಿತು, ಭಾಷಣ ಆಯಿತು, ಮಕ್ಕಳಿಗೆ ಬೂಂದಿ ಹಂಚಿದರು.

ಸಾಹೇಬರು ಹೊರಡುವ ಮೊದಲು ಕಲ್ಲಿನ ಮುಂದೆ ನಿಂತರು. ಮಧ್ಯದ ಸಾಲಿನ ಮೇಲೂ ಕೆಳಗೂ ನನ್ನ ಕಾವಿ ಗೆರೆ ಹಾಗೇ ಇತ್ತು, ಒರೆಸಿ ಬರುವುದು ನೆನಪೇ ಆಗಿರಲಿಲ್ಲ. ಈ ಸಾಲಿಗೆ ಮಾತ್ರ ಏಕೆ ಗೆರೆ ಅಂತ ಅವರಿಗೆ ಅನಿಸಿರಬೇಕು. ಓದಿದರು. "ಶ್ರೀಮತಿ ಮೂಗಮ್ಮ. ಯಾರ್ರೀ ಇವರು, ಇದ್ದಾರಾ?"

ಎಲ್ಲರೂ ನಿಂಗರಾಜುವಿನ ಕಡೆ ನೋಡಿದೆವು. ಯಶೋದ ನನ್ನ ಮೊಣಕೈ ಹಿಡಿದುಕೊಂಡಳು.

ಅವನು ತಲೆ ತಗ್ಗಿಸಿದ. ಮಕ್ಕಳ ಸಾಲಿನ ಕಡೆ ಕೈ ತೋರಿಸಿದ.

"ನಮ್ಮವ್ವ, ಸಾರ್" ಅಂದ.